ಮೂರು ಹಿಡಿ ಗರಡಿ ಮಣ್ಣು

ಬಹಳ ಹಿಂದೆ, ಏಳು ಬೆಟ್ಟಗಳಾಚೆಯ ಹೊನ್ನಗಿರಿ ರಾಜ್ಯದಲ್ಲಿ ಒಂದು ಘೋರ ಸಂಗತಿ ನಡೆಯಿತು. ಪೈಲ್ವಾನ ಮಾಳಿಂಗ ಎರಡನೇ ಮುದ್ದೆ ಬೇಡವೆಂದ. ನಗಾರಿ ಮೊಳಗಿತು. ರಾಜವೈದ್ಯರು ಪಲ್ಲಕ್ಕಿ ಏರಿ ಬಂದರು. ಮಹಾರಾಜರು ಸಭೆ ಕರೆದರು.

ತೊಂದರೆ ಹೊಟ್ಟೆಯದಲ್ಲ. ಅವನ ಉಸ್ತಾದ್ ಚನ್ನವೀರಪ್ಪನವರು ಮಾಂತ್ರಿಕ ಧೂಮಾಂಗನೊಡನೆ ಕುಸ್ತಿಗೆ ಹೋಗಿ, ಸೋತು, ಗುಂಡುಕಲ್ಲಾಗಿದ್ದರು. ಧೂಮಾಂಗ ಮೈಗೆ ಮಾಯದ ಎಣ್ಣೆ ಬಳಿಯುತ್ತಿದ್ದ. ಹಿಡಿದ ಕೈ ಜಾರುತ್ತಿತ್ತು. ಅವನ ಬೆನ್ನು ನೆಲಕ್ಕೆ ತಾಗಿದರೆ ಮಾತ್ರ ಕಲ್ಲಾದವರು ಮತ್ತೆ ಮನುಷ್ಯರಾಗುತ್ತಿದ್ದರು.

ಮಾಳಿಂಗ ಉಸ್ತಾದರ ಗರಡಿಯ ಕೆಮ್ಮಣ್ಣನ್ನು ಹಣೆಗೊತ್ತಿಕೊಂಡ. ಒಂದು ಹಿಡಿಯನ್ನು ಪಂಚೆಯ ಅಂಚಿಗೆ ಕಟ್ಟಿಕೊಂಡು ಹೊರಟ.

ಮೊದಲು ಸಿಕ್ಕಿದ್ದು ಕರಡಿಗಳ ರಾಜ್ಯ. ಅಲ್ಲಿ ಉಸ್ತಾದ್ ಕೂಡ ಕರಡಿಯೇ. ಮಾಳಿಂಗನನ್ನು ಮೂರು ತಿಂಗಳು ಅಪ್ಪಿ ಹಿಂಡಿತು. ಕೊನೆಗೆ, “ಇನ್ನೂ ಉಸಿರಾಡ್ತಿದ್ದೀಯಲ್ಲೋ ಮಗನೇ, ಕಲಿತೆ ಅಂತಲೇ ಅರ್ಥ,” ಎಂದಿತು. ಮಾಳಿಂಗ ಕೈಮುಗಿದು ಅಲ್ಲಿಂದಲೂ ಒಂದು ಹಿಡಿ ಮಣ್ಣು ಕಟ್ಟಿಕೊಂಡ.

ಎರಡನೇ ರಾಜ್ಯದಲ್ಲಿ ಯಾರು ಗೆಲ್ಲಬೇಕೆಂದು ಮಂತ್ರಿಗಳು ಹಿಂದಿನ ದಿನವೇ ಬರೆದಿಡುತ್ತಿದ್ದರು. ಮಾಳಿಂಗನಿಗೆ ನೂರು ಸೋಲು ಬರೆದರು. ನೂರು ಸಲ ಬಿದ್ದು, ಪೆಟ್ಟಾಗದಂತೆ ಬೀಳುವುದನ್ನು ಅವನು ಕಲಿತ.

“ನಿನ್ನಷ್ಟು ಚೆಂದ ಬೀಳೋರು ಇನ್ನೆಲ್ಲಿ ಸಿಗ್ತಾರಪ್ಪಾ!” ಎಂದು ಮಂತ್ರಿಗಳು ಕಣ್ಣೊರೆಸಿಕೊಂಡು, ತಾವೇ ಒಂದು ಹಿಡಿ ಮಣ್ಣು ಕೊಟ್ಟರು.

ಮೂರನೆಯದು ಧೂಮಾಂಗನ ಅಖಾಡ. ನೆಲವೆಲ್ಲ ಸ್ಫಟಿಕ, ಮಣ್ಣಿನ ಸುಳಿವಿಲ್ಲ.

“ಬಾರೋ, ನಿನ್ನ ಮುದುಕನ ಪಕ್ಕ ಒಂದು ಕಲ್ಲಿಗೆ ಜಾಗ ಇದೆ,” ಎಂದ ಧೂಮಾಂಗ.

“ಆಗಲಿ ಸ್ವಾಮಿ. ಮೊದಲು ಪದ್ಧತಿ ನಡೀಲಿ,” ಎಂದು ಮಾಳಿಂಗ ಗಂಟು ಬಿಚ್ಚಿದ.

ಕುಸ್ತಿಗೆ ಮುಂಚೆ ಎದುರಾಳಿಯ ಮೈಗೆ ಮಣ್ಣು ಹಚ್ಚುವುದು ಪೈಲ್ವಾನರ ಪದ್ಧತಿ. ಬೇಡವೆಂದವನು ಸೋತಂತೆ. ಸ್ಫಟಿಕದ ನೆಲದ ಮೇಲೆ ಇದು ಯಾರಿಗೂ ನೆನಪಾಗಿರಲಿಲ್ಲ. ಉಸ್ತಾದರೂ ಬರಿಗೈಯಲ್ಲಿ ಹೋಗಿದ್ದರು.

“ಹಚ್ಚಿಸ್ಕೊಳ್ಳಯ್ಯ! ಇಲ್ಲಾ ಸೋತೆ ಅನ್ನು!” ಎಂದು ಕುಸ್ತಿ ನೋಡಲು ನೆರೆದಿದ್ದ ಜನ ಕೂಗಿದರು. ಧೂಮಾಂಗ ಹಲ್ಲು ಕಚ್ಚಿ ಮೈಯೊಡ್ಡಿದ. ಮೂರು ಹಿಡಿ ಮಣ್ಣು ಎಣ್ಣೆಯನ್ನೆಲ್ಲ ಹೀರಿತು.

ಧೂಮಾಂಗ ಅಪ್ಪಿ ಹಿಂಡಿದ. ಕರಡಿಯ ಮುಂದೆ ಅದೇನೂ ಅಲ್ಲ. ಎತ್ತಿ ಒಗೆದ, ಮಾಳಿಂಗ ಚೆಂದವಾಗಿ ಮಗ್ಗುಲಿಗೆ ಬಿದ್ದು ಎದ್ದ. ಆಮೇಲೆ ಸೊಂಟ ಹಿಡಿದ. ಕೈ ಜಾರಲಿಲ್ಲ. ಮಾಂತ್ರಿಕನ ಬೆನ್ನು ನೆಲ ಮುಟ್ಟಿತು, ಮಾಯೆ ಮುಗಿಯಿತು.

ಕಲ್ಲುಗಳೆಲ್ಲ ಎದ್ದು ಕೂತವು. ಚನ್ನವೀರಪ್ಪನವರು ಸೊಂಟ ಹಿಡಿದುಕೊಂಡು, “ಈ ಮಾಂತ್ರಿಕನ ಶಿಷ್ಯರು ದಿನಾ ನನ್ನನ್ನೇ ಎತ್ತಿ ಸಾಮು ಮಾಡ್ತಿದ್ರು ಕಣೋ!” ಎಂದರು.

ಮಾಳಿಂಗ ಕಾಲಿಗೆ ಬಿದ್ದ. ದಾರಿಯ ಕಥೆಯನ್ನೆಲ್ಲ ಹೇಳಿ, “ನಿಮ್ಮ ಮಣ್ಣೇ ಗೆದ್ದಿದ್ದು, ಉಸ್ತಾದ್,” ಎಂದ.

“ನಂದೊಂದೇ ಅಲ್ಲ. ಆ ಕರಡಿಗೆ ಜೇನು ಕಳಿಸು. ಆ ಮಂತ್ರಿಗಳಿಗೆ ನೀನೇ ಹೋಗಿ ಕೈಮುಗಿ.”

ಮಾಳಿಂಗ ಎರಡನ್ನೂ ಮಾಡಿದ. ಧೂಮಾಂಗನನ್ನು ಗರಡಿಯ ಮಣ್ಣು ಅಗೆಯಲು ನೇಮಿಸಿದರು. ರಾಜ್ಯದವರೆಲ್ಲ ಸುಖವಾಗಿದ್ದರು. ಊರಿಗೆ ಮರಳಿದ ದಿನ ಮಾಳಿಂಗ ಐದು ಮುದ್ದೆ ಉಂಡ.