ಮೂರನೇ ಪೆಟ್ಟು

"ಕಲಾವಿದ? ಇವರಾ?"

ಮೈಕಿನಲ್ಲಿ ಯಶೋಧರಾಳ ನಗು ಕೇಳಿ ಹೊನ್ನಾಳಿಯ ಆ ಕಾಲೇಜು ಸಭಾಂಗಣದ ತಲೆಗಳೆಲ್ಲ ವೇದಿಕೆಯತ್ತ ತಿರುಗಿದವು. ಹಾಡಲು ಬಂದ ಅತಿಥಿಯಾಗಿ ಪಕ್ಕದ ಕುರ್ಚಿಯಲ್ಲೇ ಕೂತಿದ್ದ ಕೆಂಚೇಶ್! ಕಪ್ಪು ಟೀ ಶರ್ಟು, ಭುಜಕ್ಕಿಳಿದ ಕೂದಲು, ತೊಡೆಯ ಮೇಲೆ ಗಿಟಾರು... ಜಗಳೂರಿನ ಈ ಹುಡುಗನ ರಾಕ್ ಹಾಡು ಆಗ ಬಸ್ಸಿನಲ್ಲೂ, ಮದುವೆ ಮನೆಯಲ್ಲೂ, ಎಲ್ಲರ ಮೊಬೈಲಿನಲ್ಲೂ ಮೊಳಗುತ್ತಿತ್ತು.

"ಕೆಂಚೇಶ್ ಸರ್ ನಿಜವಾದ ಕಲಾವಿದರು ಅಂತ ಒಪ್ತೀರಾ ಮೇಡಂ?" ಎಂದು ಕೇಳಿದ್ದು ಒಬ್ಬ ವಿದ್ಯಾರ್ಥಿನಿ.

ಯಶೋಧರಾ ಚನ್ನಗಿರಿಯ ಸಂಗೀತ ಶಿಕ್ಷಕಿ, ಅಂದಿನ ಗಾಯನ ಸ್ಪರ್ಧೆಯ ತೀರ್ಪುಗಾರ್ತಿ. ನಯವಾಗಿ ಜಾರಿಕೊಳ್ಳಬಹುದಿತ್ತು. ಆದರೆ ನಮ್ಮ ಹುಡುಗಿಗೆ ಮೂಗಿನ ತುದಿಯಲ್ಲೇ ಕೋಪ!

"ಜನ ಕುಣಿದ ಮಾತ್ರಕ್ಕೆ ಅದು ಕಲೆ ಆಗಲ್ಲಮ್ಮ. ಇವರ ಹಾಡಿನಲ್ಲಿ ಹಲಗೆ ಬಾರಿಸಿದವರಿಗೆ ತಾಳವೇ ಗೊತ್ತಿಲ್ಲ. ಪ್ರತಿ ಸಲ ಮೂರನೇ ಪೆಟ್ಟು ತಡವಾಗಿ ಬೀಳುತ್ತೆ. ಚರ್ಮ ಬಡಿದು ಗದ್ದಲ ಎಬ್ಬಿಸಿದವರನ್ನೆಲ್ಲ ಕಲಾವಿದರು ಅಂದರೆ, ವರ್ಷಗಟ್ಟಲೆ ಅಭ್ಯಾಸ ಮಾಡಿದವರನ್ನ ಏನಂತ ಕರೀಬೇಕು?"

ಕೆಲವರು ಚಪ್ಪಾಳೆ ತಟ್ಟಿದರು. ಕೆಂಚೇಶ್‌ನ ಮುಖ ಕೆಂಪಾಯಿತು.

"ಅದು ತಪ್ಪಲ್ರೀ ಮೇಡಂ... ಆ ಪೆಟ್ಟು..."

"ತಪ್ಪಲ್ಲದಿದ್ದರೆ ಮತ್ತೇನು?"

ಅವನು ಮುಂದಿನ ಸಾಲಿನತ್ತ ನೋಡಿದ. ಅಲ್ಲಿ ಹೊಸ ಬಿಳಿ ಅಂಗಿ ತೊಟ್ಟು, ತೊಡೆಯ ಮೇಲೆ ಬಟ್ಟೆ ಚೀಲ ಇಟ್ಟುಕೊಂಡು ಯಶೋಧರಾಳ ಅಪ್ಪ ಚಿಕ್ಕಹನುಮಂತಪ್ಪ ಕೂತಿದ್ದರು. ಬೇಡ ಎಂಬಂತೆ ಅವರು ಸಣ್ಣಗೆ ತಲೆ ಅಲ್ಲಾಡಿಸಿದರು. ಕೆಂಚೇಶ್ ಬಾಯಿ ಮುಚ್ಚಿಕೊಂಡ.

'ಉತ್ತರ ಇದ್ದರೆ ತಾನೇ!' ಎಂದು ಅವಳ ಮನಸ್ಸು ಹಿಗ್ಗಿತು. ಅಪ್ಪ ತಮ್ಮೂರು ಸೊಕ್ಕೆಯಿಂದ ಅಷ್ಟು ದೂರ ಬಂದದ್ದು ತನ್ನನ್ನು ನೋಡಲೆಂದೇ ಎಂದುಕೊಂಡಳು. ಕಾರ್ಯಕ್ರಮ ಮುಗಿಯುವ ಮೊದಲೇ ಅವರು ಎದ್ದು ಹೋದಾಗ, ಬಸ್ಸಿಗೆ ಹೊತ್ತಾಯಿತೇನೋ ಎಂದು ಸುಮ್ಮನಾದಳು. ಚೀಲದಲ್ಲಿ ಏನಿತ್ತು ಎಂದು ಕೇಳಲೂ ಇಲ್ಲ.

ಕೇಳಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ...

*

'ಬೈದದ್ದು ಸಾಕಾಗಿಲ್ಲ ಅಂದ್ರೆ ಇನ್ನೊಂದು ಹಾಡು ಕಳಿಸ್ಲಾ ಮೇಡಂ?'

ಕೆಂಚೇಶ್‌ನ ಮೊದಲ ಮೆಸೇಜು ಹೀಗಿತ್ತು. ನಗಬಾರದು ಎಂದುಕೊಂಡೇ ನಕ್ಕಳು. ಉತ್ತರ ಬರೆಯಬಾರದು ಎಂದುಕೊಂಡೇ ಬರೆದಳು. ಆಮೇಲೆ ನಲ್ಲೂರಿನ ಟೀ ಅಂಗಡಿಯ ಬೆಂಚು ಇಬ್ಬರಿಗೂ ಕಾಯಂ ಆಯಿತು. ಅವಳು ಮೆಲ್ಲಗೆ ಆಲಾಪ ಮಾಡಿದರೆ, ಸಾವಿರಾರು ಜನರನ್ನು ಕುಣಿಸುವ ಆ ಮನುಷ್ಯ ಕಣ್ಣು ಮುಚ್ಚಿ, ಟೀ ಆರಿದ್ದೂ ಗೊತ್ತಿಲ್ಲದೆ ಕೇಳುತ್ತಿದ್ದ. ಅವಳು ಸೋತಿದ್ದೇ ಅಲ್ಲಿ.

ಮದುವೆಯ ಮಾತು ಬಂದ ದಿನ ಅವಳೇ ಅಡ್ಡಗಾಲು ಹಾಕಿದಳು.

"ಒಂದೇ ಷರತ್ತು. ಹಲಗೆ ಬಿಡ್ರಿ."

"ಯಾಕ್ರೀ?"

"ನಮ್ಮಪ್ಪನ್ನ ಊರಿನೋರು ಕರೆದಾಗೆಲ್ಲ ಹೋಗಿ ಬಡೀಬೇಕಿತ್ತು. ಸಾವಿಗೂ, ಮೆರವಣಿಗೆಗೂ. ಊಟ ಮಾತ್ರ ಎಲ್ಲಾರ್ದೂ ಆದ್ಮ್ಯಾಲೆ, ದೂರ ಕೂರಿಸಿ! ನಾನು ಸ್ಕೂಲಿಗೆ ಸೇರೋದಕ್ಕೆ ಮುಂಚೆನೇ ಅದನ್ನ ಅಟ್ಟಕ್ಕೆ ಹಾಕಿದ್ರು. ನನ್ನ ಕಿವಿಗೆ ಬೀಳಗೊಡಲಿಲ್ಲ. ಅಪ್ಪ ಅಷ್ಟು ಕಷ್ಟಪಟ್ಟು ಬಿಟ್ಟಿದ್ದನ್ನ ನೀವು ಸ್ಟೇಜ್ ಮ್ಯಾಲೆ ಲೈಟ್ ಹಾಕ್ಕೊಂಡು ಮಾರ್ತೀರಿ..."

"ಕರೆದೋರು ಮಾಡಿದ ತಪ್ಪಿಗೆ ಹಲಗೆ ಏನ್ ಮಾಡೀತ್ರೀ?" ಅವನು ಗ್ಲಾಸನ್ನು ಕೈಯಲ್ಲೇ ತಿರುಗಿಸಿದ. "ಬಿಡಾಕೆ ಆಗಲ್ಲ ಯಶೋಧರಾ. ಯಾಕೆ ಅಂತ ಹೇಳಾಕೂ ಆಗಲ್ಲ."

"ಹಂಗಾದ್ರೆ ನನ್ನ ಬಿಡ್ರಿ!"

ಅವನು ಗ್ಲಾಸು ಕೆಳಗಿಟ್ಟು ಬೈಕ್ ಹತ್ತಿದ. ಅವಳು ಅವನ ನಂಬರ್ ಬ್ಲಾಕ್ ಮಾಡಿ, ಶಾಲೆಯ ಮಕ್ಕಳ ಮೇಲೆ ವಿನಾಕಾರಣ ರೇಗಾಡಿದಳು.

ಆ ಬೇಸಿಗೆಯಲ್ಲೇ ಚಿಕ್ಕಹನುಮಂತಪ್ಪ ಎದೆನೋವು ಎಂದು ಮಲಗಿದವರು ಮತ್ತೆ ಏಳಲಿಲ್ಲ.

ಮಣ್ಣಿಗೆ ಕೆಂಚೇಶ್ ಬಂದಿದ್ದ. ಅವರ ಕಾಲು ಹಿಡಿದು ಸ್ವಂತ ಮಗನಂತೆ ಅತ್ತ. ಅಳುತ್ತಿದ್ದವಳ ಎದೆಯೊಳಗೆ ಅದೆಲ್ಲಿತ್ತೋ ಆ ಹಾಳು ಸಿಟ್ಟು!

"ನಿಮಗೇನ್ರೀ ಸಂಬಂಧ?" ಎಂದುಬಿಟ್ಟಳು.

ಅವನು ಕಣ್ಣೊರೆಸಿಕೊಂಡು, ಮಣ್ಣು ಹಾಕಿ, ಯಾರಿಗೂ ಹೇಳದೆ ಹೋದ.

*

ಕಾರ್ಯಗಳೆಲ್ಲ ಮುಗಿದು ನೆಂಟರು ಹೊರಟುಹೋದ ಒಂದು ಮಧ್ಯಾಹ್ನ. ಗೋಡೆಯ ಬುದ್ಧನ ಪಟದ ಪಕ್ಕ ಅಪ್ಪನ ಫೋಟೊ ಬಂದಿತ್ತು. ಯಶೋಧರಾ ತನ್ನ ಅವ್ವ ಸುಂಕಲಮ್ಮನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಳು. ಅವ್ವ ಎಲ್ಲೋ ನೋಡುತ್ತಾ ಮಗಳ ಬೆನ್ನು ತಟ್ಟುತ್ತಿದ್ದಳು.

ಒಂದು... ಎರಡು... ಆಮೇಲೆ, ಚೂರು ತಡವಾಗಿ, ಮೂರು.

ಮತ್ತೆ ಹಾಗೆಯೇ. ಮತ್ತೆ ಹಾಗೆಯೇ!

ಯಶೋಧರಾ ದಡಕ್ಕನೆ ಎದ್ದು ಕೂತಳು. "ಅವ್ವಾ! ಯಾಕೆ ಹಿಂಗೆ ತಟ್ತೀ?"

"ನಿಮ್ಮಪ್ಪ ಹಿಂಗೇ ಬಾರಿಸ್ತಿದ್ದ ಕಣವ್ವ. ಎಡಗೈ ತೋರುಬೆರಳು ಮೆಷಿನ್‌ಗೆ ಸಿಕ್ಕಿ ಮೋಟಾಗಿತ್ತಲ್ಲ, ಹಲಗೆ ಬಾರಿಸೋ ಸಣ್ಣ ಕಡ್ಡಿ ಗಟ್ಟಿಯಾಗಿ ಹಿಡಿಯಾಕೆ ಆಗ್ತಿರಲಿಲ್ಲ. ಎಡಗೈಯ ಮೂರನೇ ಪೆಟ್ಟು ಒಂಚೂರು ತಡ. ಅವನ ಹಲಗೆ ಅಂತ ಮೂರು ಊರಿಗೆ ಗೊತ್ತಾಗ್ತಿತ್ತು."

"ಕೆಂಚೇಶ್ ಹಾಡಿನಾಗೆ..."

"ನಿಮ್ಮಪ್ಪನೇ ಬಾರಿಸಿರೋದು." ಸುಂಕಲಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. "ಆ ಹುಡುಗ ಮನೆ ಬಾಗಿಲಿಗೆ ಬಂದು, ಕಲಿಸ್ರಿ ಅಂತ ಕೈ ಮುಗಿದ. ಜೀವಮಾನದಾಗೆ ಯಾರೂ ನಿಮ್ಮಪ್ಪಗೆ ಕೈ ಮುಗಿದು ಕೇಳಿರಲಿಲ್ಲ. ನಿಮ್ಮಪ್ಪನೇ ಅಟ್ಟ ಹತ್ತಿ ಹಲಗೆ ಇಳಿಸಿದ. ಹೊನ್ನಾಳಿಗೆ ಹೋಗಿದ್ದು ಸ್ಟೇಜ್ ಮ್ಯಾಲೆ ಬಾರಿಸಾಕೆ ಕಣೇ! ಹಲಗೆ ಆ ಹುಡುಗ ತಂದಿದ್ದ, ಕಡ್ಡಿ ನಿಮ್ಮಪ್ಪನ ಚೀಲದಾಗೆ ಇದ್ವು. ನಿನಗೆ ಒಮ್ಮೆಲೇ ತೋರಿಸಬೇಕು ಅಂತ ಆಸೆ."

"ಅವ್ವಾ..."

"ವಾಪಸ್ ಬಂದು, ಮಗಳಿಗೆ ಹೇಳಬ್ಯಾಡ, ಅವಳಿಗೆ ನಾಚಿಕೆ ಆಗ್ತೈತೆ ಅಂದ ನಿಮ್ಮಪ್ಪ. ಆ ಹುಡುಗನ ಹತ್ರನೂ ಆಣೆ ಹಾಕಿಸ್ಕಂಡ. ನಿಮ್ಮಪ್ಪನೇ ಇಲ್ಲದ ಮ್ಯಾಲೆ ಆಣೆ ಕಟ್ಕಂಡು ನಾನೇನು ಮಾಡ್ಲಿ..."

ಸಣ್ಣವಳಿದ್ದಾಗ ಅದೇ ಮೋಟು ಬೆರಳು ಹಿಡಿದು ಶಾಲೆಗೆ ಹೋಗಿದ್ದಳು. ಅಂಥ ಬೆರಳಿನ ಪೆಟ್ಟನ್ನು ತುಂಬಿದ ಸಭೆಯಲ್ಲಿ, ಅಪ್ಪನ ಎದುರಿಗೇ ತಪ್ಪು ಎಂದಿದ್ದಳು. ಹೊಸ ಅಂಗಿ ಯಾಕೆ ಎಂದಾದರೂ ಕೇಳಬಾರದಿತ್ತೇ? ಯಶೋಧರಾ ಫೋಟೊದ ಮುಂದೆ ಕುಸಿದು ಅತ್ತಳು. ಆದರೆ ಫೋಟೊ ಕ್ಷಮಿಸುವುದೂ ಇಲ್ಲ, ಬೈಯುವುದೂ ಇಲ್ಲ.

*

ನ್ಯಾಮತಿಯಲ್ಲಿ ಹಳೇ ಗೋದಾಮೊಂದನ್ನು ಬಾಡಿಗೆಗೆ ಹಿಡಿದು ಕೆಂಚೇಶ್‌ನ ಬ್ಯಾಂಡಿನವರು ಅಭ್ಯಾಸ ಮಾಡುತ್ತಿದ್ದರು. ಅವಳು ಹೋದಾಗ ಅವನೊಬ್ಬನೇ ಇದ್ದ. ಚರ್ಮ ಬಿಗಿಯಾಗಲೆಂದು ಬಾಗಿಲ ಬಳಿ ಕಾಗದ ಉರಿಸಿ ಹಲಗೆ ಕಾಯಿಸುತ್ತಿದ್ದ.

"ಬರ್ರಿ..." ಎನ್ನುತ್ತಾ ಎದ್ದು ನಿಂತ.

"ಅವ್ವ ಎಲ್ಲಾ ಹೇಳಿದ್ಲು."

ಅವನು ಉರಿಯುತ್ತಿದ್ದ ಕಾಗದವನ್ನು ಕಾಲಿನಿಂದ ಆರಿಸಿದ.

"ಒಂದ್ ಸಾರಿನೂ ಅಪ್ಪನ್ನ ಕಲಾವಿದ ಅನ್ನಲಿಲ್ಲ ಕೆಂಚೇಶ್. ಈಗ ಯಾರ ಹತ್ರ ಹೋಗಿ ಹೇಳ್ಲಿ?"

"ಅವತ್ತು ಹೊನ್ನಾಳಿಯಾಗೆ ಗೇಟಿನ ತನಕ ಅವರ ಹಿಂದೆ ಓಡಿದ್ದೆ. ಅಳ್ತಿರ್ತಾರೆ ಅಂದ್ಕಂಡಿದ್ದೆ." ಅವನು ಹಲಗೆಯ ಅಂಚು ಸವರಿದ. "ನಗ್ತಿದ್ರು ರೀ! 'ನೋಡ್ದೇನಪ್ಪಾ ನನ್ ಮಗಳ ಕಿವಿ? ಇಷ್ಟು ಜನದಾಗೆ ಒಬ್ಬರಿಗೂ ಗೊತ್ತಾಗ್ಲಿಲ್ಲ, ಅವಳು ಹಿಡಿದ್ಲು' ಅಂದ್ರು."

ಅವಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಅಪ್ಪ ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು... ಹೆಮ್ಮೆಪಟ್ಟಿದ್ದರಲ್ಲ!

"ಆ ಪೆಟ್ಟು ಕಂಪ್ಯೂಟರಿನಾಗೆ ಸರಿ ಮಾಡ್ತೀವಿ ಅಂತ ಸ್ಟುಡಿಯೋದೋರು ಹಟ ಹಿಡಿದಿದ್ರು. ನಾನು ಮುಟ್ಟಗೊಡಲಿಲ್ಲ. ನಾನು ಕಲಾವಿದ ಹೌದೋ ಅಲ್ಲೋ ನನಗೂ ಗೊತ್ತಿಲ್ರೀ. ಅಷ್ಟು ಮಾತ್ರ ಉಳಿಸ್ಕಂಡೆ."

"ಅದನ್ನ ಉಳಿಸಿದ್ರಲ್ಲ..." ಅವಳು ತಲೆ ಎತ್ತಿದಳು. "ಅದಕ್ಕೇ ಕಲಾವಿದರು ನೀವು. ತಾಳ ಎಣಿಸ್ತಾ ಕೂತಿದ್ದೋಳು ನಾನು."

ಕೆಂಚೇಶ್ ಹಲಗೆಯನ್ನು ಅವಳ ಹೆಗಲಿಗೆ ಹಾಕಿದ. ಅಪ್ಪ ಅವನಿಗೆ ಕೊಟ್ಟಿದ್ದ ಕಡ್ಡಿಗಳನ್ನು ಕೈಗಿಟ್ಟ. ಅವಳು ಬಾರಿಸಿದಳು. ಒಂದು, ಎರಡು, ಮೂರು. ಅಚ್ಚುಕಟ್ಟು! ಎಷ್ಟು ಸಲ ಬಾರಿಸಿದರೂ ಅಷ್ಟೇ ಅಚ್ಚುಕಟ್ಟು.

"ಬರ್ತಿಲ್ಲ... ನನಗೆ ಬರ್ತಿಲ್ಲ ಕೆಂಚೇಶ್!"

ಅವನು ಹಿಂದೆ ಬಂದು ನಿಂತ. ಅವಳ ಎಡಗೈಯ ತೋರುಬೆರಳನ್ನು ಮಡಚಿ, ತನ್ನ ಅಂಗೈಯಲ್ಲಿ ಹಿಡಿದುಕೊಂಡ.

"ಈಗ ಬಾರಿಸ್ರಿ."

ಒಂದು... ಎರಡು...

ಆಮೇಲೆ, ಚೂರು ತಡವಾಗಿ, ಅಪ್ಪ ಬಂದರು.

ಯಶೋಧರಾ ಕಣ್ಣು ಮುಚ್ಚಿದಳು. ಕೆನ್ನೆಯ ಮೇಲೆ ಇಳಿದದ್ದನ್ನು ಒರೆಸಿಕೊಳ್ಳಲಿಲ್ಲ.

"ಕೆಂಚೇಶ್... ಬೆರಳು ಬಿಡಬ್ಯಾಡ್ರಿ."

"ಬಿಡಲ್ಲ."