ಎಡಗಿವಿಗೆ ಎರಡು ಕಚ್ಚು

ಸತ್ತ ಹೆಂಗಸಿನ ಮಡಿಲಲ್ಲಿ ಒಂದು ಕಬ್ಬಿಣದ ಸಾಮಾನಿತ್ತು. ಟವೆಲ್ಲಿನಲ್ಲಿ ಸುತ್ತಿ, ಎರಡೂ ಕೈಯಲ್ಲಿ ಅವುಚಿಕೊಂಡಿದ್ದಳು.

ಕ್ಯಾಸನೂರಿನ ಇಳಿಜಾರು, ಬೆಳಗ್ಗೆ ಹತ್ತು ಗಂಟೆ. ಪಿಕಪ್ ಗಾಡಿ ಮೋರಿಕಟ್ಟೆಗೆ ಗುದ್ದಿ ಮಗುಚಿತ್ತು. ಹಿಂದೆ ತುಂಬಿದ್ದ ಆರು ಕುರಿಗಳಲ್ಲಿ ನಾಲ್ಕು ಸತ್ತಿದ್ದವು. ಉಳಿದೆರಡು ಏನೂ ಆಗಿಲ್ಲವೆಂಬಂತೆ ರಸ್ತೆ ಬದಿಯ ಹುಲ್ಲು ಮೇಯುತ್ತಿದ್ದವು. ಸತ್ತವಳು ಹಾಲಮ್ಮ, ಬಂದಳಿಕೆಯ ಕುರಿ ಸಾಕುವ ಚಿಕ್ಕಬೀರಪ್ಪನ ಹೆಂಡತಿ. ಗಾಡಿ ಓಡಿಸುತ್ತಿದ್ದವನು ಅವಳ ಒಡಹುಟ್ಟಿದ ತಮ್ಮ ರಾಜು. ಅವನ ಭುಜದ ಮೂಳೆ ಮುರಿದಿತ್ತು, ಜೀವ ಉಳಿದಿತ್ತು.

ನಾನು ಪುಟ್ಟಪ್ಪ, ಸೊರಬ ಕಡೆ ಹೆಡ್ ಕಾನ್‌ಸ್ಟೇಬಲ್. ಇಪ್ಪತ್ತಾರು ವರ್ಷದ ಸರ್ವಿಸಿನಲ್ಲಿ ಹೆಣದ ಜೊತೆ ಚಿನ್ನ ನೋಡಿದ್ದೇನೆ, ವಿಷದ ಬಾಟಲಿ ನೋಡಿದ್ದೇನೆ. ತುಕ್ಕು ಹಿಡಿದ ಬ್ರೇಕ್ ಸಿಲಿಂಡರ್ ನೋಡಿದ್ದು ಅದೇ ಮೊದಲು. ಬ್ರೇಕ್ ತುಳಿದಾಗ ಎಣ್ಣೆಯನ್ನು ಚಕ್ರಗಳಿಗೆ ತಳ್ಳುವ, ಒಂದು ಗೇಣಿನ ಸಾಮಾನು ಅದು.

"ಇದೆಂತಕ್ಕೆ ಇಟ್ಕೊಂಡಿದ್ರು?" ಎಸ್‌ಐ ಮೇಘನಾ ಮೇಡಂ ರಾಜುವನ್ನು ಕೇಳಿದರು.

"ಗ್ಯಾರೇಜಿನವ್ರು ವಾಪಸ್ ಕೊಟ್ಟ ಹಳೇ ಸಾಮಾನು ಮೇಡಂ," ರಾಜು ಅಳುತ್ತಲೇ ಹೇಳಿದ. "ಐದು ದಿನದ ಹಿಂದೆ ಶಿಕಾರಿಪುರದಾಗೆ ಹೊಸಾ ಸಿಲಿಂಡರ್ ಹಾಕ್ಸಿದ್ವಿ. ಇವತ್ತು ಉಳವಿಯಿಂದ ಕುರಿ ತುಂಬ್ಕೊಂಡು ಸೀದಾ ಗ್ಯಾರೇಜಿಗೆ ನಡಿ ಅಂದ್ಲು ಅಕ್ಕ. ಯಾಕೆ ಅಂದ್ರೆ ಹೇಳ್ಲಿಲ್ಲ. ಇಲ್ಲಿ ಬ್ರೇಕ್ ತುಳಿದೆ... ಕಾಲು ಸೀದಾ ಕೆಳಗೆ ಹೋಯ್ತು."

ವಾಹನ ತಪಾಸಣೆಯ ಇನ್‌ಸ್ಪೆಕ್ಟರ್ ಗಾಡಿಯಲ್ಲಿದ್ದ ಸಿಲಿಂಡರನ್ನು ಬಿಚ್ಚಿ ಕೊಟ್ಟರು. ಹೊರಗೆ ಮಿರಿಮಿರಿ ಕಪ್ಪು ಬಣ್ಣ. ಒಳಗೆ ರಬ್ಬರು ಹರಿದು ಚಿಂದಿ. ಹೊಸದಲ್ಲ, ಹತ್ತು ವರ್ಷ ಸವೆದದ್ದು ಎಂದು ಬರೆದುಕೊಟ್ಟರು.

ಹಾಗಾದರೆ ಹಳೆಯದನ್ನು ಹಾಕಿದವರು ಯಾರು?

ಶಿಕಾರಿಪುರದ ಗ್ಯಾರೇಜಿನ ಮಾಲೀಕ ತೀರ್ಥೇಶ್ ನಮ್ಮನ್ನು ಕೂರಿಸಿ ಚಹಾ ತರಿಸಿದ. ಗೋಡೆಯ ಮೇಲೆ ದಪ್ಪಕ್ಷರದ ಬೋರ್ಡು: 'ನಿಮ್ಮ ಹಳೆ ಸಾಮಾನು ಕೇಳಿ ಪಡೆಯಿರಿ.' ಅದನ್ನು ಕಂಡು ನನಗೆ ಸಿಟ್ಟು ಬಂತು. ಹೋದ ವರ್ಷ ನನ್ನ ಹಳೇ ಕಾರಿಗೂ ಇವನೇ ಸಿಲಿಂಡರ್ ಹಾಕಿದ್ದ. ಸಾಮಾನಿಗೆ ಒಂದು ರೇಟು, ಕೂಲಿಗೆ ಅದರ ಅರ್ಧ, ಮೇಲೆ 'ಇತರೆ' ಎಂದು ಇನ್ನೊಂದಿಷ್ಟು. ಹಳೆಯದನ್ನು ಚೀಲದಲ್ಲಿ ಕಟ್ಟಿ ಕೊಟ್ಟಿದ್ದ. ಎಂಥ ಪ್ರಾಮಾಣಿಕ ಎಂದು ನಾನು ಹೆಂಡತಿಯ ಮುಂದೆ ಹೊಗಳಿದ್ದೆ ಬೇರೆ.

"ಬಿಲ್ ನೋಡ್ರಿ ಮೇಡಂ. ಸಾಮಾನು ತಗೊಂಡ ಅಂಗಡಿ ಚೀಟಿನೂ ಐತಿ. ಹೊಸಾದು ಹಾಕೀವಿ, ಹಳೇದು ವಾಪಸ್ ಕೊಟ್ಟೀವಿ. ಇನ್ನೇನ್ ಮಾಡ್ಬೇಕ್ರಿ ನಾವು?"

"ಮತ್ತೆ ಗಾಡಿಯಲ್ಲಿ ಹಳೇದು ಹೇಗೆ ಬಂತು?"

ತೀರ್ಥೇಶ್ ದನಿ ಇಳಿಸಿದ. "ಆ ರಾಜು ಕುಡೀತಾನ್ರಿ. ಹೊಸಾದು ಬಿಚ್ಚಿ ಮಾರ್ಕೊಂಡಿರ್ತಾನೆ. ಎಲ್ಲಿಂದಲೋ ಒಂದು ಗುಜರಿ ತಂದು ಹಾಕಿರ್ತಾನೆ."

"ಅಥವಾ ನಿಮ್ಮ ಮೆಕ್ಯಾನಿಕ್?"

"ಪರಶುರಾಮನಾ? ಅವನೂ ಬಂದಳಿಕೆಯವನೇ. ಹೇಳಕ್ಕಾಗಲ್ಲರೀ, ಇದ್ರೂ ಇರಬಹುದು."

ಸ್ವಂತ ಕೆಲಸದವನನ್ನು ಹೀಗೆ ಎತ್ತಿ ಕೊಟ್ಟುಬಿಟ್ಟ! ಪರಶುರಾಮ ಮೂಲೆಯಲ್ಲಿ ತಲೆ ತಗ್ಗಿಸಿ ಸ್ಪ್ಯಾನರ್ ಒರೆಸುತ್ತಿದ್ದ. ಐವತ್ತರ ಮನುಷ್ಯ.

ಸಾಮಾನಿನ ಅಂಗಡಿಯ ಉದಯ ಚೀಟಿ ನೋಡಿ ತನ್ನದೇ ಎಂದ. ಡೂಪ್ಲಿಕೇಟ್ ಸಾಮಾನು ಮಾರುವವನಲ್ಲ ಎಂದು ಆಣೆ ಹಾಕಿದ. ಅಲ್ಲಿಗೆ ಸಂಶಯದವರು ನಾಲ್ವರಾದರು. ನನ್ನ ಮಟ್ಟಿಗೆ ಒಬ್ಬನೇ. ತೀರ್ಥೇಶನನ್ನು ಜೀಪಿಗೆ ಹತ್ತಿಸಲು ನನ್ನ ಕೈ ತುರಿಸುತ್ತಿತ್ತು.

"ನಿಮ್ಮ ಕಾರಿನ ಸಿಟ್ಟನ್ನ ಈ ಕೇಸಿಗೆ ಹಾಕಬೇಡಿ ಪುಟ್ಟಪ್ಪನವರೇ," ಎಂದರು ಮೇಡಂ.

ನಿಜವಾದ ಆತಂಕ ಇದ್ದದ್ದು ರಾಜುವನ್ನು ಸೇರಿಸಿದ್ದ ಆಸ್ಪತ್ರೆಯ ಗೇಟಿನಲ್ಲಿ. ಚಿಕ್ಕಬೀರಪ್ಪ ಹೆಂಡತಿಯ ಮಣ್ಣು ಮುಗಿಸಿದವನೇ ಬಂದು ಅಲ್ಲಿ ಕೂತಿದ್ದ. ಶುಕ್ರವಾರ ರಾಜುವನ್ನು ಬಿಡುತ್ತಾರೆಂದು ಅವನಿಗೆ ಗೊತ್ತಿತ್ತು. ಹೆಗಲ ಕಂಬಳಿ ಒಂದು ಕಡೆ ಜೋತಿತ್ತು. ಒಳಗೆ ಕೈಹಾಕಿ ಎಳೆದೆ. ಕುಡುಗೋಲು!

"ಇದ್ಯಾಕಪ್ಪಾ ಆಸ್ಪತ್ರೇಲಿ?"

"ನನ್ ಹೆಂಡ್ತೀನ ಕೊಂದವನು ಈ ಗೇಟ್ ದಾಟಿ ಹೋಗಂಗಿಲ್ಲ," ಎಂದ ಚಿಕ್ಕಬೀರಪ್ಪ. ಕೂಗಲಿಲ್ಲ. "ನೀವು ಇದನ್ನ ಕಸ್ಕೊಂಡ್ರೆ ಕೈ ಐತಿ. ಕೈ ಕಟ್ಟಿದ್ರೆ ಹಲ್ಲೈತಿ."

ಕುಡುಗೋಲಿನ ಹಿಡಿಯ ಎಡಬದಿಗೆ ಎರಡು ಕಚ್ಚು ಕೊರೆದಿತ್ತು. ಈ ಪುಣ್ಯಾತ್ಮ ಕೊಲೆಗೆ ಮುಂಚೆಯೇ ತಲೆ ಎಣಿಸಿಕೊಂಡಿದ್ದಾನೆ ಎಂದುಕೊಂಡೆ. ಸುಳಿವನ್ನು ಕೈಯಲ್ಲೇ ಹಿಡಿದಿದ್ದ ನನಗೆ ಅಷ್ಟೇ ಹೊಳೆದದ್ದು.

ಮೇಡಂ ಅವನ ಪಕ್ಕದಲ್ಲೇ ಕಟ್ಟೆಯ ಮೇಲೆ ಕೂತರು. "ಆವತ್ತು ಹೊರಡುವಾಗ ಹಾಲಮ್ಮ ಏನಾದ್ರೂ ಹೇಳಿದ್ರಾ?"

"ಏನ್ ಹೇಳ್ತಾಳ್ರೀ... ಇದು ನಮ್ದಲ್ಲ, ಕೊಟ್ಟು ನಮ್ದನ್ನ ಇಸ್ಕಂಡು ಬರ್ತೀನಿ ಅಂದ್ಲು. ಹೂಂ ಅಂದೆ. ಬ್ಯಾರೇರ ಕುರಿ ನಮ್ ಹಿಂಡಿಗೆ ಸೇರ್ಕಂಡಿರಬೇಕು ಅಂದ್ಕಂಡೆ. ತಲೆ ಎತ್ತಿ ನೋಡ್ಲೂ ಇಲ್ಲ."

"ಕುರಿ ನಿಮ್ಮದಲ್ಲ ಅಂತ ಹೇಗೆ ಗೊತ್ತಾಗುತ್ತೆ?"

"ಕಿವಿ ನೋಡ್ತೀವ್ರಿ. ಎಡಗಿವಿಗೆ ಎರಡು ಕಚ್ಚು ಇದ್ರೆ ನಮ್ದು. ಒಂದೊಂದು ಮನೇದು ಒಂದೊಂದು ಗುರ್ತು. ನಮ್ ಹಾಲಮ್ಮ ಕುರಿಗಷ್ಟೇ ಅಲ್ಲ, ಗುದ್ಲಿ, ಏಣಿ, ಕುಡುಗೋಲು ಯಾವುದನ್ನೂ ಬಿಟ್ಟಿಲ್ಲ. ಗಾಡಿ ತಂದ ದಿನ ಬಾನೆಟ್ ಎತ್ತಿಸಿ, ಕಬ್ಬಿಣ ಉಜ್ಜೋ ಅರ ಹಿಡ್ಕಂಡು ಕೈಗೆ ಸಿಕ್ಕಿದ್ದಕ್ಕೆಲ್ಲ ಕಚ್ಚು ಹಾಕಿದ್ಲು. ನಾವೆಲ್ಲ ನಕ್ಕಿದ್ವಿ."

ಮೇಡಂ ಥಟ್ಟನೆ ಎದ್ದರು. "ಜೀಪ್ ತೆಗೀರಿ ಪುಟ್ಟಪ್ಪನವರೇ. ಇವರನ್ನೂ ಹತ್ತಿಸ್ಕೊಳ್ಳಿ. ಕುಡುಗೋಲು ಬೇಡ."

ಉದಯನನ್ನೂ ಕರೆಸಿ, ಗ್ಯಾರೇಜಿನ ಮೇಜಿನ ಮೇಲೆ ಎರಡು ಸಿಲಿಂಡರ್ ಇಟ್ಟೆವು. ಒಂದು ಹಾಲಮ್ಮನ ಮಡಿಲಲ್ಲಿದ್ದದ್ದು, ಇನ್ನೊಂದು ಗಾಡಿಯಿಂದ ಬಿಚ್ಚಿದ್ದು. ಬೋಲ್ಟ್ ಕೂರಲು ಸಿಲಿಂಡರಿನ ಎರಡೂ ಪಕ್ಕ ಚಾಚಿದ ಅಂಚಿರುತ್ತದೆ. ಮೆಕ್ಯಾನಿಕರು ಅದಕ್ಕೆ ಕಿವಿ ಎನ್ನುತ್ತಾರೆ. ಮೇಡಂ ಕಪ್ಪು ಸಿಲಿಂಡರಿನ ಎಡಗಿವಿಯನ್ನು ಚಾಕುವಿನಿಂದ ಕೆರೆದರು. ಬಣ್ಣ ಉದುರಿ ಎರಡು ಕಚ್ಚು ಎದ್ದು ಕಂಡವು.

"ಇದೇನು ತೀರ್ಥೇಶ್?"

"ಅದಾ? ಕಂಪನಿ ಗುರ್ತು ಮೇಡಂ. ಹೊಸಾ ಸಾಮಾನಿಗೆಲ್ಲ ಇರ್ತದೆ."

"ಉದಯ, ನಿಮ್ಮಂಗಡಿ ಹೊಸದರಲ್ಲಿ ಇದು ಇದೆಯಾ?"

ಉದಯ ಅಂಗಡಿಯಿಂದ ತಂದಿದ್ದ ಒಂದು ಡಬ್ಬಿ ಒಡೆದು ತೋರಿಸಿದ. ಕಿವಿ ನುಣ್ಣಗಿತ್ತು.

"ಪರಶುರಾಮ, ನೀವು ನೋಡಿ."

ಪರಶುರಾಮ ಹೆಬ್ಬೆರಳಿನಿಂದ ಒಮ್ಮೆ ಸವರಿದ. "ಹಾಲಕ್ಕನ ಗುರ್ತು," ಎಂದ. "ಅಯ್ಯೋ, ನನ್ ಕೈಯಾರೆ ಹಾಕಿದ್ನಲ್ಲ! ಬಿಚ್ಚಿದಾಗ ಪೂರಾ ಎಣ್ಣೆ ಮಣ್ಣು ಮೆತ್ತಿತ್ತು ಮೇಡಂ, ಗುರ್ತು ಕಾಣ್ಲಿಲ್ಲ. ತೊಳೀತೀನಿ ಕೊಡು ಅಂತ ಇವ್ರೇ ಇಸ್ಕಂಡ್ರು. ಉಂಡು ಬರೋದ್ರೊಳಗೆ ಡಬ್ಬಿಯಿಂದ ಇದನ್ನ ತೆಗ್ದು ಕೊಟ್ರು. ಕಚ್ಚಿನೊಳಗೆಲ್ಲ ಬಣ್ಣ ತುಂಬಿತ್ತು."

ತೀರ್ಥೇಶ್ ನಗಲು ನೋಡಿದ. "ಸುಳ್ಳು! ಇದೆಲ್ಲ ರಾಜುದೇ ಕೈಚಳಕ!"

"ರಾಜು ಕೈಗೆ ಇದು ಬಂದೇ ಇಲ್ಲ," ಎಂದರು ಮೇಡಂ. "ನೀವು ಹಳೇದು ಅಂತ ವಾಪಸ್ ಕೊಟ್ಟ ಸಿಲಿಂಡರಿಗೆ ಕಚ್ಚಿಲ್ಲ. ಅದು ಯಾವುದೋ ಗುಜರಿ. ಹಾಲಮ್ಮ ಕಿವಿ ಮುಟ್ಟಿ ನೋಡಿದ್ರು, ನಮ್ಮದಲ್ಲ ಅಂದ್ರು, ನಿಮ್ಮನ್ನೇ ಕೇಳೋಕೆ ಹೊರಟಿದ್ರು. ಅವರ ಅಸಲಿ ಸಿಲಿಂಡರ್ ನಿಮ್ಮ ಗ್ಯಾರೇಜ್ ಬಿಟ್ಟು ಹೋದದ್ದು ಮತ್ತೆ ಅದೇ ಗಾಡಿ ಒಳಗೆ ಕೂತು, ಬಣ್ಣ ಹಚ್ಚಿಸಿಕೊಂಡು, ಹೊಸದರ ಬಿಲ್ ಹೊತ್ತು."

"ಪರಶುರಾಮ ಮಾಡಿರಬಹುದಲ್ಲ!"

"ಪರಶುರಾಮ ಬಂದಳಿಕೆಯಲ್ಲೇ ಕುರಿ ಕಾಯ್ದು ಬೆಳೆದವರು. ತೊಳೆದ ಮೇಲೆ ಈ ಕಚ್ಚು ಅವರಿಗೆ ಕಂಡಿದ್ರೆ ಯಾರ ಮನೇದು ಅಂತ ಗೊತ್ತಾಗ್ತಿತ್ತು. ಮೋಸ ಮಾಡೋ ಆಸೆ ಇದ್ರೆ ಅರ ಹಾಕಿ ಉಜ್ಜಿ ತೆಗೀತಿದ್ರು. ಕಚ್ಚು ಕಂಡೂ ಅದೇನು ಅಂತ ತಿಳೀದೆ ಮೇಲೆ ಬಣ್ಣ ಬಳಿದವರು ಇಲ್ಲಿ ಒಬ್ಬರೇ. ಕಂಪನಿ ಗುರುತು ಅಂತ ಈಗ ತಾನೇ ಬಾಯಿಬಿಟ್ಟು ಹೇಳಿದ್ರಲ್ಲ, ತೀರ್ಥೇಶ್."

ಉದಯ ನಡುವೆ ಬಾಯಿ ಹಾಕಿದ. "ಮೇಡಂ, ಇವ್ರು ನನ್ನತ್ರ ಈ ಎರಡು ವರ್ಷದಾಗೆ ಈ ಸಾಮಾನು ತಗೊಂಡಿದ್ದು ಒಂದೇ."

ನಾನು ಬಿಲ್ ಪುಸ್ತಕ ತಿರುವಿದೆ. ಆ ಎರಡು ವರ್ಷದಲ್ಲಿ ಹೊಸ ಸಿಲಿಂಡರ್ ಹಾಕಿದ ಬಿಲ್ಲು ಹನ್ನೊಂದಿದ್ದವು. ನನ್ನದು ಏಳನೆಯದು. ಆ ಒಂದೇ ಡಬ್ಬಿ ಸೀಲು ಹರಿದು ಕಪಾಟಿನಲ್ಲಿತ್ತು. ಒಳಗೆ ಹೊಸದು ಹೊಸದಾಗಿಯೇ ಇತ್ತು. ಹನ್ನೊಂದು ಜನಕ್ಕೂ ಅದನ್ನೇ ತೋರಿಸಿದ್ದ.

ಅಲ್ಲಿಯವರೆಗೆ ಬಾಗಿಲಲ್ಲಿ ನಿಂತಿದ್ದ ಚಿಕ್ಕಬೀರಪ್ಪ ನಿಧಾನಕ್ಕೆ ಮುಂದೆ ಬಂದ. ಮೇಜಿನ ಮೇಲಿದ್ದ ಅರವನ್ನು ಎತ್ತಿಕೊಂಡ.

"ಮೇಡಂ, ಒಂದು ಗಳಿಗೆ ಅವನ ಎಡಗಿವಿ ನನ್ ಕೈಗೆ ಕೊಡ್ರಿ. ಎರಡೇ ಕಚ್ಚು."

ತೀರ್ಥೇಶ್ ಎರಡೂ ಕಿವಿ ಮುಚ್ಚಿಕೊಂಡು ಗೋಡೆಗೆ ಅಂಟಿದ, ತನ್ನದೇ ಬೋರ್ಡಿನ ಕೆಳಗೆ. ಮೇಡಂ ಅರ ಇಸಿದುಕೊಂಡರು. ನನ್ನನ್ನು ಕೇಳಿದ್ದರೆ ಆಚೆ ಹೋಗಿ ಒಂದು ಚಹಾ ಕುಡಿದು ಬರುತ್ತಿದ್ದೆ. ಸುಳ್ಳು ಯಾಕೆ ಹೇಳಲಿ. ಕೈಕೋಳ ಹಾಕುವಾಗ ಅದನ್ನು ಬೇಕಾದ್ದಕ್ಕಿಂತ ಒಂದು ಹಲ್ಲು ಬಿಗಿಯಾಗಿಯೇ ಒತ್ತಿದೆ.

ಶುಕ್ರವಾರ ರಾಜು ಭುಜಕ್ಕೆ ಕಟ್ಟು ಹಾಕಿಸಿಕೊಂಡು ಹೊರಗೆ ಬಂದ. ಗೇಟಿನಲ್ಲಿ ಭಾವನನ್ನು ಕಂಡು ಅಲ್ಲೇ ನಿಂತುಬಿಟ್ಟ. ನಾನೂ ಒಂದು ಹೆಜ್ಜೆ ಮುಂದಿಟ್ಟೆ. ಚಿಕ್ಕಬೀರಪ್ಪ ಹತ್ತಿರ ಹೋಗಿ ಹೆಗಲ ಕಂಬಳಿ ತೆಗೆದು ಅವನಿಗೆ ಹೊದಿಸಿದ.

"ಕೋರ್ಟಿಗೆ ಇಬ್ರೂ ಹೋಗೋಣ," ಎಂದ. "ಅವ್ನು ಒಳಗೆ ಕೊಳೆಯೋ ತನಕ ಒಂದ್ ತಾರೀಖೂ ತಪ್ಪಿಸಂಗಿಲ್ಲ."

ರಾಜು ಬಿಕ್ಕಿದ. ಚಿಕ್ಕಬೀರಪ್ಪ ಅವನ ಎಡಗಿವಿಯನ್ನು ಎರಡು ಬೆರಳಲ್ಲಿ ಹಿಡಿದು, ಹಿಂಡಿನಲ್ಲಿ ನೋಡುವಂತೆ ನೋಡಿ, ನನ್ನ ಕಡೆ ತಿರುಗಿದ.

"ಇದು ನಮ್ದು ಸಾಹೇಬ್ರೇ. ಕರ್ಕಂಡು ಹೋಗ್ತೀನಿ."