ಅರ್ಥಿಂಗ್ ಗುಂಡಿಯ ತಾಮ್ರ

"ವದ್ದು ನಾಯನಾ, ಬೇಡ! ಆ ತಗಡು ಮುಟ್ಟಬೇಡ. ಕಣ್ಣು ಕೀಳೋಕೆ ಮಾಟ ಮಾಡಿ ಹೂತಿರೋದು ಅದು!"

ಲೇಔಟಿನ ಗಿಡಗಳಿಗೆ ನೀರು ಬಿಡುವ ಗಂಗುಲಮ್ಮ ಪೈಪು ಬಿಸಾಕಿ ಓಡಿಬಂದಳು. ಮೋಹನ್‌ಬಾಬು ಗುಂಡಿಯಲ್ಲಿ ಸಿಕ್ಕ ತಾಮ್ರದ ತಗಡನ್ನು ಪ್ಯಾಂಟಿಗೆ ಒರೆಸಿ ನೋಡಿದ. ಮೊರದಗಲ. ಮೇಲೆಲ್ಲ ಸಾಲುಸಾಲು ಕಣ್ಣು ಕೊರೆದಿದ್ದರು, ಒಂದಕ್ಕೂ ಗುಡ್ಡೆಯಿರಲಿಲ್ಲ.

ತುಮಕೂರಿನಿಂದ ಬಂದು ತಿಂಗಳಾಗಿದ್ದ ಎಲೆಕ್ಟ್ರಿಷಿಯನ್ ಅವನು. ಸಾದಲಿ ರಸ್ತೆಯ ಈ ಹೊಸ ಲೇಔಟಿಗೆ ಹಳೇ ಕಾಲದ ಮಾದರಿಯ ಬೀದಿದೀಪಗಳೇ ಬೇಕಂತೆ: ಬಳ್ಳಿ ಸುತ್ತಿದ ಎರಕದ ಕಂಬ, ಗಾಜಿನ ಗೂಡು, ಒಳಗೆ ಮಾತ್ರ ಎಲ್‌ಇಡಿ. ಸಂಜೆಗೆ ಉದ್ಘಾಟನೆ. ಕೊನೆಯ ಕಂಬಕ್ಕೆ, ಸೋರಿದ ಕರೆಂಟು ನೆಲಕ್ಕಿಳಿಯಲೆಂದು ಹೂಳುವ ಅರ್ಥಿಂಗ್ ಪ್ಲೇಟು ಸಾಲದೆ ಪೇಚಾಡುತ್ತಿದ್ದವನಿಗೆ ಕಾಲಡಿಯಲ್ಲೇ ತಾಮ್ರ ಸಿಕ್ಕರೆ ಬಿಡುತ್ತಾನೆಯೇ?

"ಉಪ್ಪು, ಇದ್ದಿಲು, ತಾಮ್ರ. ನಾವು ಅರ್ಥಿಂಗಿಗೆ ಹೂಳೋದೂ ಇದೇ ಅಜ್ಜಿ. ಹಂಗಾದ್ರೆ ನಾನೂ ಮಾಟಗಾರನೇ ಬಿಡು!"

ಮುದುಕಿ ನಗಲಿಲ್ಲ. "ಈಗ ಮಲಗೈತೆ. ಉಪ್ಪು ಇದ್ದಿಲು ಬಿದ್ರೆ ಏಳ್ತೈತೆ. ಹೂತೋನ ಮನೆ ಕಣ್ಣೇ ಮೊದ್ಲು. ಆಮೇಲೆ ಕಿತ್ರೂ ಸುಮ್ನೆ ಬಿಡಲ್ಲ, ಕಿತ್ತೋನ ಕಣ್ಣು ಕೇಳ್ತೈತೆ."

ಅವನು ಸಿಳ್ಳೆ ಹಾಕುತ್ತಲೇ ತಗಡಿಗೆ ತಂತಿ ಬಿಗಿದ, ಉಪ್ಪು ಇದ್ದಿಲು ತುಂಬಿ ಹೂತ, ನೀರು ಸುರಿದ.

ಮುಸ್ಸಂಜೆ. ಸ್ವಿಚ್ಚು ಒತ್ತಿದ್ದೇ ತಡ, ಸಾಲುಗಂಬಗಳೆಲ್ಲ ಅರಿಶಿನದಂಥ ಬೆಳಕು ಚೆಲ್ಲಿದವು. ಜನ ಅಭ್ಯಾಸದಂತೆ ದೀಪಕ್ಕೆ ಕೈಮುಗಿದರು. ಎಲ್ಲಿಂದಲೋ ಕೂದಲು ಸುಟ್ಟ ವಾಸನೆ. ಒಂದು ಹುಳವೂ ಬೆಳಕಿಗೆ ಹಾರಿಬರಲಿಲ್ಲ. ಮಣ್ಣಿನೊಳಗೆ ಏನೋ ಗುಂಯ್‌ಗುಡುತ್ತಿತ್ತು.

ದಿನವೂ ದೀಪ ಹತ್ತುತ್ತಲೇ ಕೈಮುಗಿಯುವ ಮೋಹನ್‌ಬಾಬುವಿನ ಏಳು ವರ್ಷದ ಮಗಳು ಚೈತನ್ಯ ಮಾತ್ರ ಸುಮ್ಮನೆ ನಿಂತಿದ್ದಳು.

"ಅಪ್ಪಾ, ಲೈಟು ಯಾವಾಗ ಹಾಕ್ತೀಯಾ?"

ಮೋಹನ್‌ಬಾಬು ಅವಳ ಗಲ್ಲ ಹಿಡಿದೆತ್ತಿದ. ಕಣ್ಣು ತೆರೆದಿತ್ತು. ಗುಡ್ಡೆಯಿರಲಿಲ್ಲ. ಬರೀ ಬಿಳಿ.

ಅಯ್ಯೋ, ಏನು ಮಾಡಿಬಿಟ್ಟೆ! ಅವನು ಕೊನೆಯ ಕಂಬದ ಗುಂಡಿಗೆ ಓಡಿದ. ಸಲಿಕೆ ಸಿಗಲಿಲ್ಲ. ಉಗುರಲ್ಲೇ ತೋಡಿದ. ಉಪ್ಪು. ಇದ್ದಿಲು. ಕೆಂಡದಂಥ ಬಿಸಿ. ಬೆರಳು ಸುಟ್ಟಿತು. ಬಿಡಲಿಲ್ಲ.

"ನಿನ್ನ ಕಣ್ಣು ಹೋಗ್ತೈತೆ ಕಣಪ್ಪಾ!" ಗಂಗುಲಮ್ಮ ಚೀರಿದಳು.

"ತಗೊಳ್ಳಲಿ!"

ಎರಡೂ ಕೈಯಲ್ಲಿ ತಗಡನ್ನು ಕಿತ್ತೆಸೆದ. ಗುಂಯ್‌ಗುಟ್ಟುವಿಕೆ ನಿಂತಿತು.

ಹಿಂದಿನಿಂದ ಚಪ್ಪಾಳೆ. "ಅಪ್ಪಾ! ಎಷ್ಟೊಂದು ಲೈಟು! ಎಲ್ಲಾ ಹತ್ಕೊಂಡಿದೆ, ನೋಡಪ್ಪಾ!"

ಮೋಹನ್‌ಬಾಬು ತಡವಿ ತಡವಿ ಕಂಬ ಹಿಡಿದು ಎದ್ದ. ಮಗಳ ದನಿ ಬಂದತ್ತ ಮುಖ ತಿರುಗಿಸಿ ನಗಲು ಯತ್ನಿಸಿದ.

"ನೋಡ್ತಿದೀನಿ ಕಣಮ್ಮಾ," ಎಂದ.